ನಡುವೆ ತೂತಿರುವ ಬೊಟ್ಟು

ಸ್ವಲ್ಪ ತಾಳಿ. ಪುಟ ತಿರುಗಿಸುವ ಮೊದಲು ಇದೊಂದನ್ನು ಕೇಳಿಬಿಡಿ. ಹೆಂಗಸರ ಮುಖವನ್ನು ನೆಟ್ಟಗೆ ನೋಡಿಯೇ ಗೊತ್ತಿಲ್ಲದ ಗಂಡಸೊಬ್ಬರು ಹೆಂಗಸರ ಅಲಂಕಾರದ ಕಂಪನಿ ತೆರೆದು, ಆ ಕಂಪನಿ ನಡೆದೇಬಿಟ್ಟ ಕಥೆಯನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಕೇಳಿರಲಾರಿರಿ. ಯಾಕೆಂದರೆ ಆ ಮಹಾನುಭಾವರು ಇರುವುದು ರಾಜಾಜಿನಗರದ ನಮ್ಮ ಮನೆಯಲ್ಲಿ, ನಡುಮನೆಯ ಮೂಲೆಯ ಮಂಚದ ಮೇಲೆ. ನನ್ನ ಚಿಕ್ಕಪ್ಪ. ಹೆಸರು ಹಾಕಬಾರದೆಂದು ಅಪ್ಪನ ಕಟ್ಟಪ್ಪಣೆ. ಚಿಕ್ಕಪ್ಪನ ಮರ್ಯಾದೆ ಉಳಿಸುವುದಕ್ಕಲ್ಲ. ಅಣ್ಣತಮ್ಮಂದಿರ ಇನಿಷಿಯಲ್ ಒಂದೇ ಆಗಿರುವುದರಿಂದ!

ಚಿಕ್ಕಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷದಿಂದ ವಾಶರ್ ಹೊಡೆಯುತ್ತಾರೆ. ವಾಶರ್ ಗೊತ್ತಲ್ಲ, ನಲ್ಲಿ ತೊಟ್ಟಿಕ್ಕಿದಾಗ ಬದಲಾಯಿಸುತ್ತಾರೆ, ನಡುವೆ ತೂತಿರುವ ಬಿಲ್ಲೆ. ಪ್ರೆಸ್ಸಿನ ಕೆಳಗೆ ರಬ್ಬರೋ ತಗಡೋ ಇಟ್ಟು ಕಾಲಿನಿಂದ ಒತ್ತಿದರೆ ಟಕ್ ಅಂತ ಒಂದು ವಾಶರ್ ಬೀಳುತ್ತದೆ. ಹನ್ನೊಂದು ವರ್ಷ ಟಕ್ ಟಕ್ ಕೇಳಿದ ಮನುಷ್ಯನಿಗೆ ಪ್ರಪಂಚ ಹೇಗೆ ಕಾಣಬೇಕೋ ಹಾಗೇ ಕಾಣುತ್ತದೆ. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ಜಾತಿಯ ವಸ್ತು: ತೂತು ಸರಿಯಾಗಿ ನಡುವೆ ಇರುವಂಥದ್ದು, ಇಲ್ಲದ್ದು. ಅಮ್ಮ ಉದ್ದಿನ ವಡೆ ಮಾಡಿದ ದಿನ, ತಟ್ಟೆಗೆ ಬಿದ್ದ ವಡೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗಿಂದ ಅಮ್ಮನನ್ನೇ ನೋಡುತ್ತಾ "ಅತ್ತಿಗೆ, ಸೆಂಟರ್ ಔಟ್" ಅನ್ನುತ್ತಾರೆ. ಆಮೇಲೆ ಆರು ತಿನ್ನುತ್ತಾರೆ. ರಿಜೆಕ್ಟಾದ ಮಾಲನ್ನು ಇಷ್ಟು ಶ್ರದ್ಧೆಯಿಂದ ವಿಲೇವಾರಿ ಮಾಡುವ ಕೆಲಸಗಾರ ಮಾಗಡಿ ರೋಡಿನಲ್ಲೇ ಇನ್ನೊಬ್ಬರಿಲ್ಲ.

ಮದುವೆಯ ವಿಷಯ ಕೇಳುತ್ತೀರಾ? ಒಮ್ಮೆ ಹೊಸಹಳ್ಳಿಗೆ ಹೆಣ್ಣು ನೋಡಲು ಹೋಗಿದ್ದರು. ಬಂದ ಮೇಲೆ ಅಮ್ಮ ಆಸೆಯಿಂದ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ, ಓಲೆ ಚೆನ್ನಾಗಿತ್ತು, ಎರಡೂ ಒಂದೇ ಸೈಜಿತ್ತು ಎಂದರು. ಆಮೇಲೆ ಯಾರೂ ಅವರಿಗೆ ಹೆಣ್ಣು ತೋರಿಸುವ ಸಾಹಸ ಮಾಡಲಿಲ್ಲ.

ಇಂಥವರಿಗೆ ಅಲಂಕಾರದ ಕಂಪನಿ ತೆರೆಯುವ ಹುಚ್ಚು ಹಿಡಿದದ್ದು ಹೇಗೆ ಎಂದು ಹೇಳಬೇಕಾದರೆ ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆ ಅಂದರೆ ಅಪ್ಪನ ತಂಗಿ, ಚಿಕ್ಕಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಂದವರು ಇದ್ದೂ ಇಲ್ಲದ ಹಾಗೆ ಇದ್ದರು. ಬೆಳಿಗ್ಗೆ ಅಪ್ಪ ಸ್ಕೂಲಿಗೆ ಪಾಠ ಹೇಳಲು ಹೊರಡುವ ಹೊತ್ತಿಗೆ, ತಾವು ಎದುರಿಗೆ ಬಂದರೆ ಅಪಶಕುನವೆಂದು ತಾವೇ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತುಬಿಡುತ್ತಿದ್ದರು. ಹಾಗೆಲ್ಲ ಮಾಡಬೇಡ ಎಂದು ಅಪ್ಪ ಬೈದರು, ಅಮ್ಮ ಬೇಡಿಕೊಂಡರು. ಅತ್ತೆ ತಲೆ ಆಡಿಸುತ್ತಿದ್ದರು, ಮಾರನೆಯ ದಿನ ಮತ್ತೆ ಹಿತ್ತಿಲಿಗೆ ಹೋಗುತ್ತಿದ್ದರು.

ದಸರಾ ಮುಗಿದ ವಾರ ಅತ್ತೆಯ ಮೈದುನನಿಂದ ಕಾಗದ ಬಂತು. ಊರಿನಲ್ಲಿ ತಮ್ಮ ಹೆಂಡತಿಗೆ ಕೈಲಾಗುತ್ತಿಲ್ಲ, ಒಲೆಯ ಮುಂದೆ ಒಬ್ಬರು ಬೇಕು, ಅತ್ತಿಗೆಯವರು ಬಂದುಬಿಟ್ಟರೆ ಎಲ್ಲರಿಗೂ ಅನುಕೂಲ ಎಂದು ಬರೆದಿದ್ದರು. ಆ 'ಎಲ್ಲರಿಗೂ' ಎನ್ನುವುದರಲ್ಲಿ ಅತ್ತೆ ಸೇರಿದ್ದರೋ ಇಲ್ಲವೋ ಕಾಗದದಲ್ಲಿ ಸ್ಪಷ್ಟವಿರಲಿಲ್ಲ. ಅಲ್ಲಿಗೆ ಹೋದರೆ ಸಂಬಳವಿಲ್ಲದ ಅಡಿಗೆಯವಳಾಗಿ ಉಗ್ರಾಣದಲ್ಲಿ ಚಾಪೆ ಹಾಸಿಕೊಳ್ಳಬೇಕು ಎನ್ನುವುದು ನಮಗೆಲ್ಲ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಮೊರದಲ್ಲಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದರು.

"ಅಣ್ಣನ ಮನೇಲಿ ಸುಮ್ನೆ ಕೂತ್ಕೊಂಡು ಎಷ್ಟು ದಿನ ಅಂತ ತಿನ್ಲಿ? ಯುಗಾದಿ ಕಳೀಲಿ, ಹೊರಡ್ತೀನಿ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಇಂಥ ಹೊತ್ತಿನಲ್ಲಿ ತಮ್ಮನಾದವನು 'ಹೋಗಬೇಡಕ್ಕ' ಅನ್ನಬೇಕು ತಾನೆ? ಚಿಕ್ಕಪ್ಪ ಮೊರದೊಳಗೆ ಇಣುಕಿ, ಅಕ್ಕಿಯಷ್ಟೇ ಬಿಳಿಯಾಗಿದ್ದ ಒಂದು ಕಲ್ಲನ್ನು ಅತ್ತೆ ಎತ್ತಿ ಎಸೆದದ್ದನ್ನು ನೋಡಿ, "ಅಕ್ಕ, ಆ ಕಲ್ಲು ನಿಂಗೆ ಹೆಂಗೆ ಕಾಣಿಸ್ತು?" ಎಂದರು. ಸಮಯಸ್ಫೂರ್ತಿ ಅಂದರೆ ಇದು!

ಆ ವಾರವೇ ನನ್ನ ಟೈಪಿಂಗ್ ಕ್ಲಾಸಿನ ಗೆಳತಿಯ ಅತ್ತಿಗೆ ಬಾಂಬೆಯಿಂದ ಬಂದಿದ್ದರು. ಅವರ ಹಣೆಯಲ್ಲಿ ಕುಂಕುಮದ ಬದಲು ಮಖಮಲ್ಲಿನ ಬೊಟ್ಟು, ಹಿಂದುಗಡೆ ಅಂಟು. ತೆಗೆದು ಕನ್ನಡಿಗೆ ಅಂಟಿಸಿ, ಸ್ನಾನ ಮಾಡಿಬಂದು ಮತ್ತೆ ಹಣೆಗೆ ಅಂಟಿಸಿಕೊಳ್ಳಬಹುದಂತೆ. ನನಗೂ ಒಂದು ಕೊಟ್ಟರು. ನಾನು ಅದನ್ನು ಹಚ್ಚಿಕೊಂಡು ರಾಣಿಯ ಹಾಗೆ ಮನೆಗೆ ಬಂದೆ. ಚಿಕ್ಕಪ್ಪ ಜೀವನದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು ಎಂದುಕೊಂಡೆ. ನೋಡಿದ್ದು ಹಣೆಯನ್ನು. ಅಲ್ಲಾಡಬೇಡ ಎಂದು ಹೇಳಿ, ಬೊಟ್ಟನ್ನು ಕಿತ್ತುಕೊಂಡು, ಜೇಬಿನಿಂದ ವರ್ನಿಯರ್ ತೆಗೆದರು. ಅದು ಕೂದಲೆಳೆಯ ದಪ್ಪವನ್ನೂ ಅಳೆಯುವ ಇಕ್ಕಳದಂಥ ಅಳತೆಗೋಲು. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ನಮ್ಮ ಚಿಕ್ಕಪ್ಪ ಅದನ್ನು ಸಿಕ್ಕಿಸಿಕೊಂಡಿರುತ್ತಾರೆ. ಬೊಟ್ಟನ್ನು ಅಡ್ಡಡ್ಡ, ಉದ್ದುದ್ದ ಅಳೆದು, ಇದು ಗುಂಡಗೇ ಇಲ್ಲ ಎಂದು ತೀರ್ಪು ಕೊಟ್ಟರು. ಇಷ್ಟಕ್ಕೆ ಬಾಂಬೆಯಿಂದ ಬರಬೇಕಾ, ನಮ್ಮ ಪ್ರೆಸ್ಸಿನಲ್ಲಿ ಒಂದು ಟಕ್ ಅಂದರೆ ಆಯಿತಲ್ಲ ಎಂದರು. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಅಕ್ಕ, ಯುಗಾದಿಗೆ ನೀನು ಊರಿಗೆ ಹೋಗಂಗಿಲ್ಲ. ನಂಗೊಬ್ರು ಇನ್ಸ್‌ಪೆಕ್ಟರ್ ಬೇಕು. ಗುಂಡಗಿಲ್ದೇ ಇರೋದನ್ನ ಕಲ್ಲು ಆರ್ಸಿದಂಗೆ ಆರ್ಸಿ ಬಿಸಾಕ್ಬೇಕು."

ಅಪ್ಪನಿಗೆ ಸಿಟ್ಟು ಬಂತು. "ಲೋ, ನಿಂಗೆ ತಲೆ ನೆಟ್ಟಗಿದ್ಯೇನೋ? ಅವಳ ಕೈಗೆ ಬೊಟ್ಟು ಕೊಡ್ತೀಯಾ?"

"ಅಣ್ಣ, ವಾಶರ್ ಆರ್ಸೋರ ಮನೇಲಿ ನಲ್ಲಿ ಇರ್ಲೇಬೇಕು ಅಂತ ರೂಲ್ಸಿದ್ಯಾ?"

ಅತ್ತೆ ನಕ್ಕುಬಿಟ್ಟರು. ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ. ಯುಗಾದಿಯ ಹೊತ್ತಿಗೆ ಇದು ನಡೆದರೆ ಉಳಿಯುತ್ತೇನೆ, ನಡೆಯದಿದ್ದರೆ ಹೊರಡುತ್ತೇನೆ ಎಂದರು. ಹೀಗೆ ಅತ್ತೆಯ ಭವಿಷ್ಯವೆಲ್ಲ ಚಿಕ್ಕಪ್ಪನ ವ್ಯವಹಾರಜ್ಞಾನದ ಮೇಲೆ ನಿಂತಿತು. ನಮಗೆಷ್ಟು ಧೈರ್ಯ ಬಂದಿರಬೇಕು, ನೀವೇ ಊಹಿಸಿ.

ಮೊದಲನೆಯದು ಅಳತೆಯ ಅಧ್ಯಾಯ. ಹಣೆಗೆ ತಕ್ಕ ಬೊಟ್ಟು ಮಾಡಬೇಕಾದರೆ ರಾಜಾಜಿನಗರದ ಹಣೆಗಳ ಅಳತೆ ಬೇಕೆಂದು ಚಿಕ್ಕಪ್ಪ ಹೊರಟರು. ಅಮ್ಮನ ಹಣೆಯನ್ನು ಒಲೆಯ ಮುಂದೆಯೇ ಅಳೆದರು. ನನ್ನದನ್ನು ನಾನು ಓದುತ್ತಿದ್ದಾಗ ಅಳೆದರು. ಆಮೇಲೆ ಗಣೇಶನ ಗುಡಿಯ ಕಂಬಕ್ಕೆ ಒರಗಿ, ಬಂದುಹೋಗುವ ಹೆಂಗಸರ ಹಣೆಗಳನ್ನು ಕಣ್ಣಳತೆಯಲ್ಲೇ ಪುಸ್ತಕಕ್ಕೆ ಏರಿಸತೊಡಗಿದರು. ದೇವರಿಗೆ ಬೆನ್ನು ಮಾಡಿ ಪ್ರತಿ ಸಂಜೆ ಗುಡಿಗೆ ಬರುವ ಭಕ್ತನನ್ನು ಜನ ಎಷ್ಟು ದಿನ ಸಹಿಸುತ್ತಾರೆ? ಐದನೆಯ ಸಂಜೆ ಒಬ್ಬ ಯಜಮಾನರು ಅಂಗಿ ಹಿಡಿದುಕೊಂಡು, ನಮ್ಮ ಮನೆಯವರನ್ನೇ ಯಾಕ್ರೀ ನೋಡ್ತಿದೀರಿ ಎಂದು ಕೇಳಿದರಂತೆ. ಚಿಕ್ಕಪ್ಪ ಸತ್ಯವನ್ನೇ ಹೇಳಿದರು: "ಮುಖ ನೋಡಿಲ್ಲ ಸಾರ್. ಬರೀ ಹಣೆ. ಎರಡೂಕಾಲು ಇಂಚಿದೆ." ಅಷ್ಟಕ್ಕೇ ನಿಲ್ಲಿಸಿದ್ದರೆ ಅಂಗಿಯ ಗುಂಡಿಗಳು ಉಳಿಯುತ್ತಿದ್ದವೇನೋ. ಯಜಮಾನರ ಬೋಳುತಲೆಯನ್ನು ನೋಡಿ, "ನಿಮ್ದು ಇನ್ನೂ ಜಾಸ್ತಿ ಬರುತ್ತೆ" ಎಂದೂ ಸೇರಿಸಿದರು.

ಆಮೇಲಿನದು ಅಂಟಿನ ಅಧ್ಯಾಯ. ವರ್ಕ್‌ಶಾಪಿನಲ್ಲಿ ಪ್ರತಿ ಡಬ್ಬದ ಜೊತೆಗೂ ಒಂದು ಚೀಟಿ ಹೋಗುತ್ತದೆ: ಏನು ಮಾಲು, ಹೇಗೆ ಪರೀಕ್ಷೆ ಮಾಡಿದರು, ಯಾರು ಪರೀಕ್ಷೆ ಮಾಡಿದರು. ಕೆಳಗೆ ಸಹಿ ಬೀಳದೆ ಮಾಲು ಗೇಟು ದಾಟುವುದಿಲ್ಲ. ನಮ್ಮ ಕಂಪನಿಗೂ ಅಂಥ ಚೀಟಿ ಬೇಕೆಂದು ಚಿಕ್ಕಪ್ಪ ಹಟ ಹಿಡಿದರು. ಕನ್ನಡ ಟೈಪಿಂಗ್ ಕಲಿಯುತ್ತಿದ್ದ ನನ್ನ ಪಾಲಿಗೆ ಬಂತು ಆ ಕೆಲಸ. ಮಾಲು. ಯಾರ ಹಣೆ. ಎಷ್ಟು ಹೊತ್ತು ನಿಂತಿತು. ಪರೀಕ್ಷಕರ ಸಹಿ. ಕಂಪನಿಗೆ ಬೊಟ್ಟು ಹೋಗಲಿ, ಹೆಸರೇ ಇರಲಿಲ್ಲ. ಚೀಟಿ ಮಾತ್ರ ನಾನೂರು ಇದ್ದವು! ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದ ಅತ್ತೆ ಒಂದೊಂದು ಅಕ್ಷರವನ್ನೂ ರಂಗೋಲಿ ಎಳೆಯುವ ಹಾಗೆ ಬರೆದು ಸಹಿ ಹಾಕುತ್ತಿದ್ದರು.

ಪರೀಕ್ಷೆಗೆಂದು ಕತ್ತರಿಯಲ್ಲೇ ಒಂದಿಷ್ಟು ಬೊಟ್ಟು ಕತ್ತರಿಸಿಕೊಂಡಿದ್ದಾಯಿತು. ಮೊದಲು ಮೈದಾ ಅಂಟು. ಅಮ್ಮನ ಹಣೆಗೆ ಹಚ್ಚಿದ ಬೊಟ್ಟು ಮಧ್ಯಾಹ್ನ ಅಪ್ಪನ ಬಾಯಿಗೆ ಸಿಕ್ಕಿತು. ಚೀಟಿ ಈಗಲೂ ನನ್ನ ಹತ್ತಿರ ಇದೆ. ಎಷ್ಟು ಹೊತ್ತು ನಿಂತಿತು: ಸಾರು ಬಡಿಸುವವರೆಗೆ. ಎರಡನೆಯದು, ರಬ್ಬರನ್ನು ಕಬ್ಬಿಣಕ್ಕೆ ಅಂಟಿಸಲು ವರ್ಕ್‌ಶಾಪಿನಲ್ಲಿ ಬಳಸುವ ಗೋಂದು. ಆ ಡಬ್ಬ ನೋಡಿದ ಕೂಡಲೇ ನಾನೂ ಅಮ್ಮನೂ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆವು. ಹೊರಗೆ ಉಳಿದದ್ದು ಚಿಕ್ಕಪ್ಪನ ಹಣೆ ಒಂದೇ. ಆ ಬೊಟ್ಟು ಮೂರು ದಿನ ಇಳಿಯಲಿಲ್ಲ. ಎಣ್ಣೆ, ಸೀಮೆಎಣ್ಣೆ, ಬಿಸಿನೀರು, ಅಪ್ಪನ ಬೈಗುಳ, ಯಾವುದಕ್ಕೂ ಜಗ್ಗಲಿಲ್ಲ. ಮೀಸೆ ಹೊತ್ತ ಮುಖದ ಹಣೆಯಲ್ಲಿ ಮುಕ್ಕಾಲು ಇಂಚಿನ ಮೆರೂನ್ ಬೊಟ್ಟು ಇಟ್ಟುಕೊಂಡು ಮೂರು ದಿನವೂ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋದರು. ಕಂಡಕ್ಟರ್ ಹೆಂಗಸರ ಸೀಟು ತೋರಿಸಿದನಂತೆ. ವರ್ಕ್‌ಶಾಪಿನಲ್ಲಿ ಹುಡುಗರು ಆರತಿ ಎತ್ತಿದರಂತೆ. ಇಷ್ಟಾದರೂ ಆಸಾಮಿಗೆ ನಾಚಿಕೆ ಆಯಿತೇ? ಚೀಟಿ ತುಂಬಿಸಿದರು. ಯಾರ ಹಣೆ: ಸ್ವಂತ. ಎಷ್ಟು ಹೊತ್ತು ನಿಂತಿತು: ಮೂರು ದಿನ, ಆಮೇಲೆ ಚರ್ಮದ ಸಮೇತ ಬಂತು. ಅತ್ತೆ ಅಡ್ಡಗೀಟು ಎಳೆದು ರಿಜೆಕ್ಟ್ ಮಾಡಿದರು.

ಚಿಕ್ಕಪ್ಪನ ಹಣೆಗೆ ಬೆಣ್ಣೆ ಹಚ್ಚುತ್ತಾ ಅತ್ತೆಯೇ ಹೇಳಿದರು, "ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಹಾಕಿ ಕರಗಿಸಿದ್ರೆ ಸಾಕಲ್ವೇನೋ. ಕುಂಕುಮದ ಕೆಳಗೆ ನಾವೆಲ್ಲ ಅದನ್ನೇ ಹಚ್ತಿದ್ದದ್ದು." 'ನಾವೆಲ್ಲ' ಎಂದವರು ಅಲ್ಲಿಗೇ ನಿಲ್ಲಿಸಿ, ಬೆಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಮೇಣ ಪಾಸಾಯಿತು. ಬೆಳಿಗ್ಗೆ ಹಚ್ಚಿದರೆ ಸಂಜೆಯವರೆಗೆ ನಿಲ್ಲುತ್ತಿತ್ತು, ಬಾ ಎಂದರೆ ಬರುತ್ತಿತ್ತು.

ಇನ್ನು ಉಳಿದದ್ದು ಅಚ್ಚು. ಪ್ರೆಸ್ಸಿಗೆ ಹಾಕುವ ಉಕ್ಕಿನ ಅಚ್ಚಿಗೆ ಚಿಕ್ಕಪ್ಪ ಸ್ವತಃ ನಕ್ಷೆ ಬರೆದರು. ಒಂದಲ್ಲ, ಒಂಬತ್ತು ಸಲ. ಗ್ರಾಫ್ ಹಾಳೆಯ ಮೇಲೆ, ನಾಲಿಗೆ ಕಚ್ಚಿಕೊಂಡು, ಯಾರಿಗೂ ತೋರಿಸದೆ. ವರ್ಕ್‌ಶಾಪಿನಲ್ಲಿ ಅಚ್ಚು ಕೊರೆಯುವ ಸ್ನೇಹಿತರೊಬ್ಬರು ಬಿಡುವಿನಲ್ಲಿ ಕೊರೆದುಕೊಡಲು ಒಪ್ಪಿದರು. ಅಚ್ಚು ಬಂದದ್ದು ಸಂಕ್ರಾಂತಿ ಆದ ಮೇಲೆ. ಅಷ್ಟರಲ್ಲಿ ಚಿಕ್ಕಪ್ಪನ ಬೋನಸ್ಸೆಲ್ಲ ಚಿಕ್ಕಪೇಟೆಗೆ ಹೋಗಿ ಮೆರೂನ್ ಮಖಮಲ್ಲಾಗಿ ಮನೆಗೆ ಬಂದಿತ್ತು. ಮಾಲೀಕರ ಅಪ್ಪಣೆ ಪಡೆದು, ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ, ಇಡೀ ಬಟ್ಟೆಯನ್ನು ಚಿಕ್ಕಪ್ಪ ಒಬ್ಬರೇ ಕೂತು ಹೊಡೆದರು. ಚೀಲ ಹೊತ್ತುಕೊಂಡು ಬಂದು, ನಡುಮನೆಯ ಚಾಪೆಯ ಮೇಲೆ ರಾಶಿ ಸುರಿದು, ಹೇಗಿದೆ ಎನ್ನುವ ಹಾಗೆ ನಿಂತರು.

ನಾವು ನೋಡಿದೆವು. ಅಪ್ಪ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರೊಳಗಿಂದ ತಮ್ಮನನ್ನು ನೋಡಿದರು.

"ಲೋ, ಇದು ವಾಶರ್."

ನಿಜ. ಸಾವಿರಗಟ್ಟಲೆ ಮಖಮಲ್ಲಿನ ಬೊಟ್ಟು, ಪ್ರತಿಯೊಂದರ ನಡುವೆಯೂ ಒಂದು ತೂತು! ಒಂಬತ್ತು ನಕ್ಷೆಯಲ್ಲೂ ಚಿಕ್ಕಪ್ಪ ತೂತು ಬರೆದಿದ್ದರು. ಅಚ್ಚು ಕೊರೆದವರು, ಅವರೂ ವಾಶರಿನವರೇ, ತೂತು ಇಲ್ಲದಿದ್ದರೆ ಕೇಳುತ್ತಿದ್ದರೇನೋ, ಇತ್ತಲ್ಲ, ಕೊರೆದುಕೊಟ್ಟರು. ಅಷ್ಟು ಸಲ ಕಾಲು ಒತ್ತಿದ ಚಿಕ್ಕಪ್ಪನಿಗೂ ಏನೂ ಅನಿಸಲಿಲ್ಲ. ತೂತಿಲ್ಲದೆ ಬಿದ್ದಿದ್ದರೆ ಬೆಚ್ಚಿಬೀಳುತ್ತಿದ್ದರು. ಈಗ ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ, "ಗುಂಡಗಿದೆ ಅಂದ್ಮೇಲೆ ತೂತು ಇರುತ್ತಲ್ಲ ಅಣ್ಣ" ಎಂದರು.

ನಾನು ನಕ್ಕೆ. ನಗಬಾರದಿತ್ತು. ಸಂಜೆ ಅತ್ತೆ ಮಂಚದ ಕೆಳಗಿನಿಂದ ಟ್ರಂಕು ಎಳೆದು, ಒರೆಸಿ, ಬಾಯಿ ತೆರೆದು ಹಿತ್ತಿಲಿನ ಕಲ್ಲಿನ ಮೇಲೆ ಇಟ್ಟರು. ತೇವ ಆರಲಿ ಎಂದು ಇಟ್ಟೆ ಎಂದರು. ಚಿಕ್ಕಪ್ಪ ಆ ಟ್ರಂಕನ್ನು ನೋಡಿದರು. ಆ ಹೊತ್ತು ಅವರು ಊಟಕ್ಕೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಎದುರುಮನೆಯ ಅಜ್ಜಿ ಕರಿಬೇವು ಕೇಳಿಕೊಂಡು ಬಂದರು. ಕರಿಬೇವು ಅವರ ಹಿತ್ತಿಲಲ್ಲೂ ಇದೆ; ಸುದ್ದಿ ಇರುವುದು ನಮ್ಮ ಮನೆಯಲ್ಲಿ. ಚಾಪೆಯ ಮೇಲಿನ ರಾಶಿ ನೋಡಿ ಸೊಂಟದ ಮೇಲೆ ಕೈ ಇಟ್ಟರು. "ಕುಂಕುಮ ಇಡೋ ಜಾಗದಲ್ಲಿ ಬಟ್ಟೆ ಚೂರು ಅಂಟಿಸ್ಕೊಳ್ಳೋದಾ? ಅದು ಹಣೆಯೋ, ದರ್ಜಿ ಅಂಗಡಿಯೋ? ನಮ್ಮ ಸೊಸೆ ಅಂತೂ ಇದನ್ನ ಹಚ್ಕೊಂಡು ಹೊಸ್ತಿಲು ದಾಟಂಗಿಲ್ಲ" ಎಂದು ಹೇಳಿ, ಕರಿಬೇವು ಮರೆತು ಹೋದರು.

ಅಜ್ಜಿ ಹೋದ ಮೇಲೆ ಅತ್ತೆ ಸ್ವಲ್ಪ ಹೊತ್ತು ರಾಶಿಯನ್ನೇ ನೋಡುತ್ತಿದ್ದರು. ಆಮೇಲೆ ಒಂದನ್ನು ಆರಿಸಿ, ಮೇಣ ಸವರಿ, ನನ್ನ ಹಣೆಗೆ ಒತ್ತಿದರು. ದೇವರ ಗೂಡಿನಲ್ಲಿದ್ದ ಕುಂಕುಮದ ಭರಣಿಯನ್ನು ತಾವು ಮುಟ್ಟಲಿಲ್ಲ. ಅಮ್ಮನಿಗೆ ಕಣ್ಣಲ್ಲೇ ತೋರಿಸಿದರು.

"ಅತ್ತಿಗೆ, ನೀವಿಡಿ. ಆ ತೂತಲ್ಲಿ."

ಅಮ್ಮ ಒಂದು ಚಿಟಿಕೆ ಕುಂಕುಮ ತೆಗೆದು ತೂತಿನಲ್ಲಿ ಒತ್ತಿದರು. ನಾನು ಕನ್ನಡಿಗೆ ಓಡಿದೆ. ಸುತ್ತ ಮೆರೂನ್ ಮಖಮಲ್ಲಿನ ಅಂಚು, ನಡುವೆ ಅಸಲಿ ಕುಂಕುಮ, ಕಂಪಾಸಿನಲ್ಲಿ ಗೀಚಿದಷ್ಟು ಗುಂಡಗೆ! ದಿನಾ ಬೆಳಿಗ್ಗೆ ಕುಂಕುಮ ಗುಂಡಗೆ ಬರಲೆಂದು ನಾಲ್ಕು ಸಲ ಅಳಿಸಿ ಇಟ್ಟುಕೊಳ್ಳುವವರಿಗೆ ಗೊತ್ತು ಇದರ ಬೆಲೆ. ಬೆವರಿಗೆ ಇಳಿಯುವುದಿಲ್ಲ, ಮೂಗಿಗೆ ಉದುರುವುದಿಲ್ಲ. ಸೊಸೆಗೆ ಮಖಮಲ್ಲು, ಎದುರುಮನೆಯ ಅಜ್ಜಿಯಂಥ ಅತ್ತೆಗೆ ಕುಂಕುಮ. ಒಂದೇ ಹಣೆಯಲ್ಲಿ ಇಬ್ಬರಿಗೂ ಸಮಾಧಾನ.

ಚಿಕ್ಕಪ್ಪ ಬಂದು ನನ್ನ ಹಣೆಗೆ ವರ್ನಿಯರ್ ಇಟ್ಟು ನೋಡಿದರು. ಮುಖದ ಮೇಲೆ ನಿನ್ನೆಯ ಬೇಸರದ ಲವಲೇಶವೂ ಇರಲಿಲ್ಲ. "ಮತ್ತೆ? ಒಂಬತ್ತು ಸಲ ಡ್ರಾಯಿಂಗ್ ನಾನು ಸುಮ್ನೆ ಹಾಕಿದ್ನಾ?" ಎಂದರು. ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ?

ಹೆಸರಿನ ವಿಷಯಕ್ಕೆ ಅಮ್ಮ ನಾಲ್ಕು ದೇವಿಯರನ್ನು ಸೂಚಿಸಿದರು, ನಾನು ಮೂರು ಹೂವುಗಳನ್ನು ಸೂಚಿಸಿದೆ. ಚಿಕ್ಕಪ್ಪ ಎಲ್ಲರನ್ನೂ ಕೇಳಿಸಿಕೊಂಡು 'ಪ್ರಿಸಿಷನ್ ಬೊಟ್ಟು' ಎಂದು ಇಟ್ಟರು. ಸೌಂದರ್ಯ ಉಕ್ಕಿ ಹರಿಯುತ್ತದಲ್ಲವೇ? ಆ ಹೆಸರನ್ನು ಒಬ್ಬ ಹೆಂಗಸೂ ಹೇಳಲಿಲ್ಲ. ನಾವು ಮಾರಲು ಕೊಟ್ಟಿದ್ದ ವಿಜಯನಗರದ ಬಳೆ ಅಂಗಡಿಗೆ ಬಂದವರೆಲ್ಲ ಕೇಳಿದ್ದು 'ತೂತಿನ ಬೊಟ್ಟು'. ಮೊದಲ ಡಬ್ಬ ಎರಡು ದಿನದಲ್ಲಿ ಖಾಲಿಯಾಯಿತು. ಮತ್ತೆ ಮಖಮಲ್ಲು, ಮತ್ತೆ ಟಕ್ ಟಕ್. ಒಂದು ದಿನ ಕೆಂಗೇರಿಯಿಂದ ಬರುವ ಬಸ್ಸಿನಲ್ಲಿ ಏಳು ಹಣೆಗಳ ಮೇಲೆ ನಮ್ಮ ಬೊಟ್ಟು ಎಣಿಸಿದೆ. ಚಿಕ್ಕಪ್ಪನಿಗೆ ಹೇಳಿದರೆ, ಅಂಚು ಎದ್ದಿತ್ತೇ ಎಂದು ಕೇಳಿದರು.

ಅತ್ತೆ ಹಿತ್ತಿಲ ಬಾಗಿಲಿನ ಬೆಳಕಿಗೆ ಕೂತು, ಮೊರದಲ್ಲಿ ಬೊಟ್ಟುಗಳನ್ನು ಹಾಕಿಕೊಂಡು ಅಕ್ಕಿಯ ಹಾಗೇ ಆರಿಸುತ್ತಿದ್ದರು. ಎಣ್ಣೆಕಾಗದಕ್ಕೆ ಹನ್ನೆರಡು ಅಂಟಿಸಿ, ಪಾಕೀಟಿನೊಳಗೆ ಸಹಿಯ ಚೀಟಿ ಇಡುತ್ತಿದ್ದರು. ತೂತು ಬಿದ್ದಾಗ ಉದುರುವ ನಡುವಿನ ಚೂರುಗಳನ್ನು, ಹೆಸರುಕಾಳಿಗಿಂತ ಚಿಕ್ಕವು, ಚಿಕ್ಕಪ್ಪ ಎಸೆಯದೆ ಒಂದು ಉಪ್ಪಿನಕಾಯಿ ಜಾಡಿಗೆ ತುಂಬಿಸಿಡುತ್ತಿದ್ದರು. ಇಷ್ಟು ಜಿಪುಣತನ ಯಾರಿಗಾದರೂ ಇರುತ್ತದೆಯೇ ಎಂದು ನಾನು ಮನೆಗೆ ಬಂದವರ ಮುಂದೆಲ್ಲ ಹಾಸ್ಯ ಮಾಡುತ್ತಿದ್ದೆ.

ಯುಗಾದಿಗೆ ಮೂರು ವಾರ ಇತ್ತು. ಬಳೆ ಅಂಗಡಿಯವರು ಒಂದು ಸಂಜೆ ಡಬ್ಬ ಹಿಡಿದುಕೊಂಡು ತಾವೇ ಬಂದರು. ಕೂರಿ ಎಂದರೂ ಕೂರಲಿಲ್ಲ. ನಮ್ಮ ಬೀದಿಯವರು ಯಾರೋ ಅಂಗಡಿಯಲ್ಲಿ ಹೇಳಿದ್ದರಂತೆ, ಆ ಬೊಟ್ಟು ಗಂಡ ಸತ್ತವರ ಕೈಯಿಂದ ಬರುತ್ತದೆ ಎಂದು. ತಮಗೇನೂ ಇಲ್ಲ, ಗಿರಾಕಿಗಳು ಮುಖ ಸಿಂಡರಿಸುತ್ತಾರೆ ಎಂದು ಅವರು ನೆಲ ನೋಡುತ್ತಾ ಹೇಳಿದರು. ಚೀಟಿಯೊಂದು ತೆಗೆದುಹಾಕಿ, ಮನೆಯ ಮುತ್ತೈದೆಯರೇ ಮಾಡುತ್ತಾರೆಂದು ಹೇಳಿದರೆ ಸಾಕಂತೆ. ಅಪ್ಪನಿಗೂ ಅದು ಸರಿ ಎನಿಸಿತು. ಅಮ್ಮನೂ, ಹೆಸರಿಗೆ ನಾನು ಮಾಡಿದೆ ಎಂದರಾಯಿತಲ್ಲ ಎಂದರು. ಅಂಗಡಿಯವರು ಹೋದ ಮೇಲೆ ಒಳಗಿನಿಂದ ಅತ್ತೆಯೇ ಬಂದರು.

"ನನ್ನ ಚೀಟಿ ತೆಗ್ದುಬಿಡೋ. ಕೋಣೇಲಿ ಕೂತು ಆರ್ಸಿಕೊಡ್ತೀನಿ. ಯುಗಾದಿವರ್ಗೂ ಆರ್ಸಿಕೊಡ್ತೀನಿ, ಆಮೇಲೆ ಪುಟ್ಟಿ ನೋಡ್ಕೋತಾಳೆ."

ಪುಟ್ಟಿ ಅಂದರೆ ನಾನು. ಚಿಕ್ಕಪ್ಪ ಡಬ್ಬ ತೆರೆದು ಪಾಕೀಟುಗಳನ್ನು ಎಣಿಸುತ್ತಿದ್ದರು. ಎಣಿಕೆ ನಿಲ್ಲಿಸಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಇನ್ಸ್‌ಪೆಕ್ಟರ್ ಸಹಿ ಇಲ್ದೇ ಮಾಲು ಹೊರಗೆ ಹೋಗಲ್ಲ ಅಕ್ಕ. ಅದು ರೂಲ್ಸು."

ಮಾರನೆಯ ದಿನ ಮಾಗಡಿ ರೋಡಿನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದರು. ಇದುವರೆಗೆ ಪಾಕೀಟಿನ ಒಳಗಿದ್ದ ಸಹಿ ಹೊರಗೆ ಬಂತು. ಅತ್ತೆಯ ರಂಗೋಲಿ ಸಹಿಯನ್ನೇ ಬ್ಲಾಕ್ ಮಾಡಿಸಿ, 'ಪರೀಕ್ಷಿಸಿದವರು' ಎಂದು ಮೇಲೆ ಹಾಕಿಸಿ, ಕಂಪನಿಯ ಹೆಸರಿಗಿಂತ ದೊಡ್ಡದಾಗಿ ಅಚ್ಚು ಮಾಡಿಸಿಕೊಂಡು ಬಂದರು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಮುಚ್ಚಿಡು ಎಂದರೆ ಬೋರ್ಡು ಬರೆಸುವ ಈ ವ್ಯಾಪಾರನೀತಿಯನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ, ಹೇಳಿ?

ಪ್ರತಿದಿನ ಕೆಲಸ ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಚಿಕ್ಕಪ್ಪ ತಾವೇ ಅಂಗಡಿ ಅಂಗಡಿ ತಿರುಗಿದರು. ಕೆಲವರು ಬೇಡವೆಂದರು. ಕಾಮಾಕ್ಷಿಪಾಳ್ಯದಲ್ಲಿ ಊದುಬತ್ತಿ ಹೊಸೆಯುವ ಹೆಂಗಸರ ಹತ್ತಿರ ನೇರವಾಗಿ ಹೋಗಿ ನಿಂತರು. ಅವರಲ್ಲೊಬ್ಬಳು ಇದು ಯಾರ ಸಹಿ ಅಣ್ಣಾ ಎಂದು ಕೇಳಿದಳಂತೆ. ನಮ್ಮಕ್ಕನದು, ಗಂಡ ಇಲ್ಲ, ಕಣ್ಣು ಬಹಳ ಚೂಪು ಎಂದು ಚಿಕ್ಕಪ್ಪ ಒಂದೇ ಉಸಿರಿಗೆ ಹೇಳಿದ್ದಾರೆ. ನಂಗೂ ಗಂಡ ಇಲ್ಲ, ನನ್ನ ಮಗಳಿಗೆ ಎರಡು ಪಾಕೀಟು ಕೊಡು ಎಂದಳಂತೆ ಆಕೆ. ಇಡೀ ದಿನ ತಲೆ ಬಗ್ಗಿಸಿ ಊದುಬತ್ತಿ ಹೊಸೆದರೂ ಬೀಳದ ಬೊಟ್ಟು ಎಂದು ಆ ಸಾಲುಮನೆಗಳಿಂದಲೇ ಹೆಸರು ಹಬ್ಬಿತು.

ಇತ್ತ ಒಂದು ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲು ಸದ್ದಾಯಿತು. ಎದುರುಮನೆಯ ಅಜ್ಜಿ! ಎದುರುಮನೆಯವರು ಹಿತ್ತಿಲಿಗೆ ಬರಬೇಕಾದರೆ ಇಡೀ ಬೀದಿ ಸುತ್ತಬೇಕು. ಸುತ್ತಿ ಬಂದಿದ್ದರು. ಮೊದಲು ಕರಿಬೇವು ಎಂದರು. ಆಮೇಲೆ ಸೊಸೆಗೆ ಎಂದರು. ಕೊನೆಗೆ ಅತ್ತೆಯ ಪಕ್ಕ ಕೂತು, ಎರಡೂ ಕೈ ಮುಂದೆ ಚಾಚಿ ತೋರಿಸಿದರು. "ಕೈ ನಡುಗುತ್ತೆ ಕಣೇ. ಕುಂಕುಮ ಇಟ್ಕೊಳಕ್ಕೆ ಹೋದ್ರೆ ಮುಖವೆಲ್ಲ ಆಗುತ್ತೆ, ಮೊಮ್ಮಕ್ಳು ನಗ್ತಾವೆ. ಒಂದು ಪಾಕೀಟು ಕೊಡು. ನೀನೇ ಆರ್ಸಿರೋದು ಕೊಡು." ಅತ್ತೆ ಒಂದೊಂದನ್ನೇ ಬೆಳಕಿಗೆ ಹಿಡಿದು ಹನ್ನೆರಡು ಆರಿಸಿಕೊಟ್ಟರು. ಮಾರನೆಯ ದಿನದಿಂದ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಗುಂಡಗಿನ ಕುಂಕುಮ ಅಜ್ಜಿಯದೇ. ಬಳೆ ಅಂಗಡಿಯವರು ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮತ್ತೆ ಬಂದರು. ಈ ಸಲ ಕೂತರು, ಕಾಫಿ ಕುಡಿದರು, ಸಹಿ ಇರುವ ಡಬ್ಬಗಳನ್ನೇ ಎತ್ತಿಕೊಂಡು ಹೋದರು.

ಬ್ರಾಂಡು ಗೆದ್ದಿತು ಎನ್ನಿ. ಆದರೆ ಉಳಿಯುತ್ತೇನೆ ಎಂದು ಅತ್ತೆ ಹೇಳಲಿಲ್ಲ. ನಾವು ಕೇಳಲು ಹೆದರಿದೆವು. ಟ್ರಂಕು ಹಿತ್ತಿಲಿನಿಂದ ಒಳಗೆ ಬಂದಿತ್ತು, ಮಂಚದ ಕೆಳಗೆ ಹೋಗಿರಲಿಲ್ಲ. ಗೋಡೆಗೆ ಒರಗಿ ಕೂತಿತ್ತು.

ಯುಗಾದಿಯ ಬೆಳಿಗ್ಗೆ ಎಲ್ಲರದೂ ಎಣ್ಣೆಸ್ನಾನ ಆಯಿತು. ಚಿಕ್ಕಪ್ಪ ಆ ಉಪ್ಪಿನಕಾಯಿ ಜಾಡಿಯನ್ನು ತಂದು ಅತ್ತೆಯ ಮುಂದೆ ಇಟ್ಟರು. ಪಕ್ಕದಲ್ಲಿ ಒಂದು ಚೀಟಿ.

"ಹೊಸ ಮಾಲು ಅಕ್ಕ. ಇದ್ರಲ್ಲಿ ತೂತಿಲ್ಲ, ಕುಂಕುಮ ಇಡಕ್ಕಾಗಲ್ಲ. ಬರೀ ಬಟ್ಟೆ."

ಅತ್ತೆ ಜಾಡಿಯೊಳಗೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ಯಾವಾಗಲೂ ಪರೀಕ್ಷೆಗೆ ಸಿಗುತ್ತಿದ್ದದ್ದು ನನ್ನ ಹಣೆ ತಾನೆ. "ಯಾರ ಹಣೆ?" ಎಂದರು.

"ಇನ್ಸ್‌ಪೆಕ್ಟರ್‌ದು."

ಹೆಂಗಸರ ಮುಖ ನೋಡಿ ಗೊತ್ತಿಲ್ಲದವರು ಎಂದೆನಲ್ಲ, ಆ ಮನುಷ್ಯ ಅಂದು ತಮ್ಮ ಅಕ್ಕನ ಮುಖವನ್ನು ನೆಟ್ಟಗೆ ನೋಡಿದರು. ಹಣೆಯನ್ನಲ್ಲ. ಮುಖವನ್ನು. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ, ದಿನಾ ಅತ್ತೆ ನಿಲ್ಲುತ್ತಿದ್ದ ಕಲ್ಲಿನ ಹತ್ತಿರ, ನಮಗೆ ಬೆನ್ನು ಮಾಡಿ ನಿಂತರು.

ಅಮ್ಮ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಬೇವುಬೆಲ್ಲದ ಬಟ್ಟಲು ಹಿಡಿದುಕೊಂಡು ನಡುಮನೆಗೆ ಬಂದರು. ಹುಬ್ಬುಗಳ ನಡುವೆ ಒಂದು ಚುಕ್ಕೆ. ಹತ್ತಿರ ಹೋದರೆ ಮಾತ್ರ ಕಾಣುವಷ್ಟು. ಅಪ್ಪ ಕೈ ಚಾಚಿ, ಮೊದಲ ಬೇವುಬೆಲ್ಲವನ್ನು ತಂಗಿಯ ಕೈಯಿಂದಲೇ ತೆಗೆದುಕೊಂಡರು.

ಸಂಜೆ ಫೈಲಿಗೆ ಹಾಕಲೆಂದು ಚೀಟಿ ತೆಗೆದುಕೊಂಡೆ. ಮಾಲು: ನಡುವಿನ ಚೂರು. ಯಾರ ಹಣೆ: ನನ್ನದು. ಎಷ್ಟು ಹೊತ್ತು ನಿಂತಿತು ಎಂಬಲ್ಲಿ ಖಾಲಿ. ಚೀಟಿಯನ್ನು ಅದೇ ದಿನ ತುಂಬಿಸದೆ ಇರುವವರಲ್ಲ ಅತ್ತೆ. ಒಂದು ವಾರ ಕಾದೆ. ಎರಡು ವಾರ ಕಾದೆ. ಕೊನೆಗೆ ನಾನೇ ಕೇಳಿದೆ. ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಎಳೆದೆಳೆದು ಬರೆದು, ಸಹಿ ಹಾಕಿ ಕೊಟ್ಟರು.

'ಇನ್ನೂ ಇದೆ.'

ಟ್ರಂಕಿನಲ್ಲಿ ಈಗ ಮಖಮಲ್ಲು ಇಡುತ್ತೇವೆ.

ನಿಮ್ಮ ಮನೆಯಲ್ಲೂ ಹೀಗೆ ತಪ್ಪು ನಕ್ಷೆಯನ್ನು ಒಂಬತ್ತು ಸಲ ಬರೆದು ಯಾರನ್ನೋ ಉಳಿಸಿಕೊಂಡ ಆಸಾಮಿ ಇದ್ದರೆ, ಒಂದು ಕಾರ್ಡಿನಲ್ಲಾದರೂ ಬರೆದು ಕಳಿಸಿ. ಸುಳ್ಳು ಮಾತ್ರ ಸೇರಿಸಬೇಡಿ. ಕಾಗದಗಳೆಲ್ಲ ಮೊದಲು ಅತ್ತೆಯ ಕೈಗೆ ಹೋಗುತ್ತವೆ. ಅಕ್ಕಿಯೊಳಗಿನ ಬಿಳಿ ಕಲ್ಲು ಕಾಣುವವರು ಅವರು.